ಹಳೇ ರೈಡಿಂಗ್ ಮೋವರ್‌ಗೆ ಹೊಸ ಕಾರ್ಬುರೇಟರ್ ಬೇಕಾ, ರಿಪೇರಿ ಕಿಟ್ ಸಾಕಾ? ಎರಡನ್ನೂ ಬಳಸಿದ ಮೇಲಿನ ಅನುಭವ

ಬಳಸಿದ್ದು: ಒರಿಜಿನಲ್ ಕಾರ್ಬುರೇಟರ್‌ನ ರಿಪೇರಿ ಕಿಟ್, ಮತ್ತು ಆನ್‌ಲೈನ್‌ನಲ್ಲಿ ತರಿಸಿದ ಬ್ರ್ಯಾಂಡ್ ಇಲ್ಲದ ಹೊಸ ಕಾರ್ಬುರೇಟರ್
ಕಿಟ್‌ಗೆ 5ಕ್ಕೆ 4.5, ಹೊಸ ಕಾರ್ಬುರೇಟರ್‌ಗೆ 5ಕ್ಕೆ 2

ಕೊಪ್ಪಳ ತಾಲ್ಲೂಕಿನಲ್ಲಿ ನಮ್ಮದು ಕೇಸರ್ ಮಾವಿನ ತೋಟ. ಕಳೆನಾಶಕ ಹೊಡೆಯಲು ಮನಸ್ಸಿಲ್ಲ, ಹುಲ್ಲು ಕೊಯ್ಯಲು ಮಳೆಗಾಲದಲ್ಲಿ ಆಳು ಸಿಗುವುದಿಲ್ಲ. ಅದಕ್ಕೇ ಸೆಕೆಂಡ್ ಹ್ಯಾಂಡ್‌ನಲ್ಲಿ ಕೂತು ಓಡಿಸುವ ಮೋವರ್ ಕೊಂಡೆವು. ಬ್ರಿಗ್ಸ್ ಅಂಡ್ ಸ್ಟ್ರಾಟನ್‌ನ ಒಂದೇ ಸಿಲಿಂಡರಿನ 17.5 ಎಚ್‌ಪಿ ಎಂಜಿನ್. ಸಾಲಿನ ನಡುವೆ ಕತ್ತರಿಸಿದ ಹುಲ್ಲನ್ನು ಗಿಡದ ಬುಡಕ್ಕೆ ಮುಚ್ಚಿಗೆ ಹಾಕುತ್ತೇವೆ. ಗಾಡಿ ಹಳೇದಾದರೂ ಎಂಜಿನ್ ಗಟ್ಟಿ. ತಕರಾರೆಲ್ಲ ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರಿನದ್ದೇ.

ನಮ್ಮ ಕಡೆ ಈ ಗಾಡಿಗೆ ಕೆಲಸ ಜೂನ್‌ನಿಂದ ನವೆಂಬರ್‌ವರೆಗೆ ಮಾತ್ರ. ಆಮೇಲೆ ಹುಲ್ಲು ಒಣಗಿ ನೆಲ ಕೆಂಪಗೆ ಕಾಣುತ್ತದೆ, ಮೋವರ್ ಶೆಡ್ ಸೇರುತ್ತದೆ. ಏಪ್ರಿಲ್-ಮೇ ಬಿಸಿಲಲ್ಲಿ ತಗಡಿನ ಶೆಡ್ಡಿನ ಒಳಗಿನ ಸೆಕೆ ಹೇಳಬೇಕಿಲ್ಲ. ಕಾರ್ಬುರೇಟರಿನ ತಳದ ಬಟ್ಟಲಲ್ಲಿ (ಬೌಲ್) ಉಳಿದ ಪೆಟ್ರೋಲ್ ಆರಿ ಅಂಟಾಗುತ್ತದೆ. ಈ ಕಂಪನಿಯ ಕೈಪಿಡಿ 30 ದಿನಕ್ಕಿಂತ ಹೆಚ್ಚು ಪೆಟ್ರೋಲ್ ಹಾಗೇ ಇಡಬೇಡಿ ಎನ್ನುತ್ತದೆ. ಶೇ 10ಕ್ಕಿಂತ ಹೆಚ್ಚು ಎಥನಾಲ್ ಇರುವ ಪೆಟ್ರೋಲ್ ಬೇಡ ಅಂತಲೂ ಇದೆ. ಈಗ ಬಂಕ್‌ನಲ್ಲಿ ಸಿಗೋದು ಶೇ 20ರದ್ದು. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅದರೊಳಗೇ ಆಕ್ಸಿಜನ್ ಇರುವುದರಿಂದ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಅದೇ ಇದ್ದರೂ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಸಾಲದಾಗುತ್ತದೆ. ಕಾರಿನ ಕಂಪ್ಯೂಟರ್ ಇದನ್ನು ಸರಿದೂಗಿಸುತ್ತದೆ, ನಮ್ಮ ಮೋವರ್‌ಗೆ ಆ ಅನುಕೂಲ ಇಲ್ಲ.

ಮೊದಲು ಕಂಡ ಲಕ್ಷಣ ಹಂಟಿಂಗ್. ಬ್ಲೇಡ್ ಹಾಕದೆ ಬಿಟ್ಟರೆ ರೇಸ್ ತಾನಾಗೇ ಏರೋದು, ಇಳಿಯೋದು. ಗಾಳಿ ಕಡಿಮೆ ಮಾಡುವ ಚೋಕ್ ಅರ್ಧ ಎಳೆದರೆ ಒಂದೇ ಸಮ ಓಡುತ್ತಿತ್ತು. ಇದನ್ನು ಗುರುತಿಟ್ಟುಕೊಳ್ಳಿ. ಅರ್ಧ ಚೋಕ್‌ನಲ್ಲಿ ಎಂಜಿನ್ ಸುಧಾರಿಸಿದರೆ ಪೆಟ್ರೋಲ್ ಕಡಿಮೆ ಹೋಗುತ್ತಿದೆ ಎಂದರ್ಥ: ಸಣ್ಣ ಜೆಟ್ ಕಟ್ಟಿರುತ್ತದೆ, ಇಲ್ಲವೇ ಪ್ಯಾಕಿಂಗ್ ಹತ್ತಿರ ಗಾಳಿ ಎಳೆಯುತ್ತಿರುತ್ತದೆ. ಪ್ಲಗ್, ಕಾಯಿಲ್ ಬದಲಿಸಿ ದುಡ್ಡು ಕಳೆಯುವ ಮೊದಲು ಇದನ್ನು ನೋಡಿ.

ಇನ್ನೊಂದು ಲಕ್ಷಣ ಇದಕ್ಕಿಂತ ಅಪಾಯದ್ದು. ನಮ್ಮ ಗಾಡಿಯಲ್ಲಿ ಟ್ಯಾಂಕ್ ಕಾರ್ಬುರೇಟರ್‌ಗಿಂತ ಎತ್ತರದಲ್ಲಿದೆ. ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಸರಿಯಾಗಿ ಕೂರದಿದ್ದರೆ ರಾತ್ರಿಯಿಡೀ ಪೆಟ್ರೋಲ್ ಸಿಲಿಂಡರ್‌ಗೆ, ಅಲ್ಲಿಂದ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಹೆಚ್ಚಿದ್ದರೆ, ಮೂಗಿಗೆ ಹಿಡಿದಾಗ ಪೆಟ್ರೋಲ್ ವಾಸನೆ ಬಂದರೆ ಸೆಲ್ಫ್ ಹೊಡೆಯಲೇಬೇಡಿ. ತೆಳುವಾದ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್, ರಾಡ್ ಎರಡೂ ಹೋಗುತ್ತವೆ. ಮೊದಲು ನೀಡಲ್ ಸರಿಪಡಿಸಿ, ಆಯಿಲ್ ಬದಲಿಸಿ, ಆಮೇಲೆ ಚಾಲೂ ಮಾಡಿ. ಟ್ಯಾಂಕ್‌ನಿಂದ ಬರುವ ಪೈಪಿಗೆ ಒಂದು ಪೆಟ್ರೋಲ್ ಕಾಕ್ ಹಾಕಿಸಿಬಿಡಿ. ನಾನು ಈ ಗಾಡಿಗೆ ಮಾಡಿದ ಖರ್ಚಿನಲ್ಲಿ ಅತಿ ಸಣ್ಣದು ಇದೇ, ಅತಿ ಉಪಯೋಗಕ್ಕೆ ಬಂದಿದ್ದೂ ಇದೇ.

ಆಗ ಮೆಕ್ಯಾನಿಕ್ "ಹೊಸದೇ ಹಾಕಿಬಿಡೋಣ" ಅಂದ. ಒರಿಜಿನಲ್ ದುಬಾರಿ, ಬರುವುದು ತಡ. ಅದರ ಅರ್ಧಕ್ಕೂ ಕಡಿಮೆ ದರಕ್ಕೆ ಸಿಗುವ ನಕಲು ಬಂತು. ನೋಡಲು ತದ್ರೂಪು. ಮೊದಲ ತಿಂಗಳು ಚೆನ್ನಾಗಿಯೇ ಓಡಿತು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಬೌಲ್‌ನ ರಬ್ಬರ್ ರಿಂಗ್ ಉಬ್ಬಿ ಹನಿಯತೊಡಗಿತು, ಚೋಕ್‌ನ ಶಾಫ್ಟ್ ಅಲುಗಾಡಲು ಶುರುವಾಯಿತು, ದಪ್ಪ ಹುಲ್ಲಿಗೆ ಹೋದರೆ ಎಂಜಿನ್ ತೇಕುತ್ತಿತ್ತು. ಮಾರಿದವರು ವಾಪಸ್ ಅವಧಿ ಮುಗಿಯಿತು ಅಂದರು. ಅದರಲ್ಲಿ ಕೆಲಸಕ್ಕೆ ಬಂದಿದ್ದು ಕರೆಂಟಿನಿಂದ ಪೆಟ್ರೋಲ್ ದಾರಿ ತೆರೆದು ಮುಚ್ಚುವ ಸೊಲೆನಾಯ್ಡ್ ಒಂದೇ.

ಹಳೇ ಕಾರ್ಬುರೇಟರನ್ನು ಎಸೆದಿರಲಿಲ್ಲ. ಬಿಚ್ಚಿದಾಗ ಬೌಲ್ ತಳದಲ್ಲಿ ಒಣಗಿದ ಮಾವಿನ ಸೊನೆಯ ಹಾಗೆ ಕಂದು ಅಂಟು, ಅದರ ನಡುವೆ ಎರಡು ನೀರಿನ ಹನಿ, ಪಕ್ಕದಲ್ಲಿ ಅಲ್ಯೂಮಿನಿಯಂ ತಿಂದ ಬಿಳಿ ಪುಡಿ. ಹಿತ್ತಾಳೆಯ ಸಣ್ಣ ಜೆಟ್‌ನ ತೂತನ್ನು ಬೆಳಕಿಗೆ ಹಿಡಿದರೆ ಏನೂ ಕಾಣಲಿಲ್ಲ. ಮೊದಲು ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ನೆನೆಯಲು ಬಿಟ್ಟೆವು. ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ತೂರಿಸಿದೆವು. ಪಿನ್ನು, ಸೂಜಿ ಹಾಕಬೇಡಿ. ಹಿತ್ತಾಳೆ ಮೆತ್ತಗೆ, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಜೆಟ್ ಕೆಟ್ಟಂತೆ. ಕೊನೆಗೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ.

ಅಷ್ಟಾದರೂ ಬಾಡಿಯೊಳಗಿನ ಒಂದು ದಾರಿ ಬಿಡಲಿಲ್ಲ. ಕೊಪ್ಪಳದ ಜವಾಹರ ರಸ್ತೆಯ ಕಡೆ ಬಂಗಾರದ ಕೆಲಸ ಮಾಡುವವರ ಹತ್ತಿರ ಒಡವೆ ತೊಳೆಯುವ ಅಲ್ಟ್ರಾಸೋನಿಕ್ ಮಷಿನ್ ಇರುತ್ತದೆ. ಪರಿಚಯದವರು ಒಪ್ಪಿದರು. ಪೆಟ್ರೋಲಿನ ಅಂಶವೆಲ್ಲ ಹೋಗಿ ಪೂರ್ತಿ ಒಣಗಿದ ಮೇಲೆ, ಬಿಸಿ ನೀರು, ಸೋಪಿನ ದ್ರಾವಣದಲ್ಲಿ ಬಾಡಿಯನ್ನು ಮುಳುಗಿಸಿದೆವು. ರಬ್ಬರ್, ಪ್ಲಾಸ್ಟಿಕ್ ಭಾಗಗಳನ್ನು ಮೊದಲೇ ತೆಗೆದಿದ್ದೆವು. ಬೂದಿ ಬಣ್ಣದ ಹೊಗೆಯ ಹಾಗೆ ಕೊಳೆ ಆ ಸಣ್ಣ ತೂತಿನಿಂದ ನೀರಿಗೆ ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು. ಆಮೇಲೆ ಕಿಟ್‌ನ ನೀಡಲ್, ಬೌಲ್ ರಿಂಗ್, ಪ್ಯಾಕಿಂಗ್ ಹಾಕಿ ಕೂರಿಸಿದೆವು. ಅಲ್ಲಿಂದ ಇಲ್ಲಿಯವರೆಗೆ ಮಳೆಗಾಲಗಳು ಕಳೆದರೂ ಹಂಟಿಂಗ್ ಇಲ್ಲ, ಹನಿಯುವುದಿಲ್ಲ, ದಪ್ಪ ಹುಲ್ಲಿಗೂ ರೇಸ್ ಬೀಳುವುದಿಲ್ಲ. ಕಿಟ್‌ಗೆ ಅರ್ಧ ಅಂಕ ಕಡಿಮೆ ಕೊಟ್ಟಿದ್ದು ಅದರಲ್ಲಿ ಇನ್‌ಟೇಕ್ ಕಡೆಯ ಪ್ಯಾಕಿಂಗ್ ಒಂದೇ ಬಂದಿದ್ದಕ್ಕೆ.

ಕಿಟ್ ತರಿಸುವಾಗ ಮೋವರ್ ಹೆಸರು ಹೇಳಿದರೆ ಸಾಲದು. ಎಂಜಿನ್ ಮೇಲೆ ಮಾಡೆಲ್, ಟೈಪ್, ಕೋಡ್ ಅಂತ ಮೂರು ನಂಬರ್ ಒತ್ತಿರುತ್ತಾರೆ, ಮೂರನ್ನೂ ಕೊಡಿ. ಕೋಡ್‌ನ ಮೊದಲ ಎರಡು ಅಂಕಿ ಎಂಜಿನ್ ತಯಾರಾದ ಇಸವಿ. ನಟ್ಟು ಬೋಲ್ಟಿನ ಅಳತೆ ಹೆಚ್ಚಾಗಿ ಇಂಚಿನದು, ಅದಕ್ಕೆ ಮಿಲಿಮೀಟರ್ ಪಾನಾ ಹಾಕಿದರೆ ನಟ್ಟಿನ ಮೂಲೆ ಉರುಳುತ್ತದೆ. ಬಿಚ್ಚುವ ಮೊದಲು ಎಂಜಿನ್ ವೇಗ ಒಂದೇ ಸಮ ಇಡುವ ಗವರ್ನರ್‌ನ ಕಡ್ಡಿ, ಅದರ ತೆಳು ಸ್ಪ್ರಿಂಗ್ ಯಾವ ತೂತಿನಲ್ಲಿವೆ ಅಂತ ಫೋಟೋ ತೆಗೆಯಿರಿ. ಬ್ಯಾಟರಿಯ ನೆಗೆಟಿವ್ ಬಿಡಿಸಿ, ಬಯಲಲ್ಲೇ ಕೆಲಸ ಮಾಡಿ. ಬೌಲ್ ಕೆಳಗಿನ ಸೊಲೆನಾಯ್ಡ್ ಕೀಲಿ ತಿರುಗಿಸಿದಾಗ ಟಿಕ್ ಅನ್ನಬೇಕು. ಅನ್ನದಿದ್ದರೆ ಮುಖ್ಯ ಜೆಟ್ ಮುಚ್ಚಿಯೇ ಇರುತ್ತದೆ, ಎಷ್ಟು ತೊಳೆದರೂ ಗಾಡಿ ಹತ್ತುವುದಿಲ್ಲ. ಮೊದಲು ಅದಕ್ಕೆ 12 ವೋಲ್ಟ್ ಬರುತ್ತಿದೆಯಾ ನೋಡಿ.

ಈಗ ನವೆಂಬರ್‌ನಲ್ಲಿ ಕಾಕ್ ಮುಚ್ಚಿ, ಎಂಜಿನ್ ತಾನಾಗೇ ನಿಲ್ಲುವವರೆಗೆ ಓಡಿಸಿ, ಬೌಲ್ ಖಾಲಿ ಮಾಡಿ, ಟ್ಯಾಂಕ್‌ನ ಪೆಟ್ರೋಲ್ ಬೈಕಿಗೆ ಹಾಕುತ್ತೇವೆ. ಗಿಣಿಗೇರಿ ಕಡೆಯ ಫ್ಯಾಕ್ಟರಿ ದೂಳು ಬೀಳುವ ಜಾಗದವರು ಏರ್ ಫಿಲ್ಟರ್ ಕಡೆಗೂ ಗಮನ ಕೊಡಿ.

ಹೊಸ ಕಾರ್ಬುರೇಟರ್ ಯಾರಿಗೆ ಬೇಕು ಅಂದರೆ, ಥ್ರಾಟಲ್ ಶಾಫ್ಟನ್ನು (ರೇಸ್ ಏರಿಸಿ ಇಳಿಸುವ ಬಾಗಿಲಿನ ಕಡ್ಡಿ) ಬೆರಳಿಂದ ಅಲುಗಾಡಿಸಿದಾಗ ಪಕ್ಕಕ್ಕೆ ಆಡುತ್ತಿದ್ದರೆ, ಅಥವಾ ನೀಡಲ್ ಕೂರುವ ಜಾಗವೇ ತುಕ್ಕು ತಿಂದಿದ್ದರೆ. ಅಂಥದ್ದಕ್ಕೆ ಕಿಟ್ ಹಾಕಿ ಪ್ರಯೋಜನವಿಲ್ಲ. ಆಗಲೂ ಕಾದು ಒರಿಜಿನಲ್ ತರಿಸಿ, ಹಳೇದನ್ನು ಬಿಡಿಭಾಗಕ್ಕಾಗಿ ಇಟ್ಟುಕೊಳ್ಳಿ.