ಬ್ಲೇಡ್ ಐರನ್ ತಗೊಳ್ಳೋ ಮುಂಚೆ ಒಂದೊಂದರ ಲಾಫ್ಟ್ ಅಳೆಸಿ, ನನಗಾದ ಮೋಸ ನಿಮಗಾಗಬಾರದು

ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಗಾಲ್ಫ್ ಸೆಟ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಬ್ಲೇಡಾ, ಕ್ಯಾವಿಟಿ ಬ್ಯಾಕಾ ಅಂತ ಯೋಚನೆಯಲ್ಲಿರುವವರು. ಹೊಸಬರಿಗೆ ಹೇಳಿಬಿಡುತ್ತೇನೆ: ಐರನ್ ಅಂದರೆ ನಂಬರ್ ಹಾಕಿದ ಲೋಹದ ತಲೆಯ ಕ್ಲಬ್. ಬ್ಲೇಡ್ ಅದರಲ್ಲಿ ತೆಳು ತಲೆಯದು, ಕ್ಯಾವಿಟಿ ಬ್ಯಾಕ್ ಅಂದರೆ ಹಿಂಭಾಗ ಟೊಳ್ಳು ಮಾಡಿ ತೂಕ ಅಂಚಿಗೆ ಸರಿಸಿದ್ದು. ಲಾಫ್ಟ್ ಅಂದರೆ ಚೆಂಡಿಗೆ ತಾಗುವ ಫೇಸ್ ಹಿಂದಕ್ಕೆ ವಾಲಿರುವ ಕೋನ. ನಂಬರ್ ಹೆಚ್ಚಿದಷ್ಟೂ ಲಾಫ್ಟ್ ಜಾಸ್ತಿ, ದೂರ ಕಮ್ಮಿ. ಒಂದು ಸೆಕೆಂಡ್ ಹ್ಯಾಂಡ್ ಬ್ಲೇಡ್ ಸೆಟ್ಟಿಗೆ 58 ಸಾವಿರ ರೂಪಾಯಿ ಕೊಟ್ಟು ಬಂದಿದ್ದೇನೆ. ಬರೆಯುವಾಗಲೂ ಮೈ ಉರಿಯುತ್ತಿದೆ.

ನನ್ನ ಹ್ಯಾಂಡಿಕ್ಯಾಪ್ 22 (ಇದು ಕಮ್ಮಿ ಇದ್ದಷ್ಟೂ ಆಟ ಚೆನ್ನಾಗಿದೆ ಅಂತ, ನಾನು ಸಾಧಾರಣ ಆಟಗಾರ). ಅಂಗಡಿಯವರಿಗೆ ಮೊದಲು ಹೇಳಿದ್ದೇ ಅದು. ಕ್ಯಾವಿಟಿ ಬ್ಯಾಕ್ ಬೇಕು ಅಂತಲೂ ಹೇಳಿದೆ. "ಕ್ಯಾವಿಟಿ ವಯಸ್ಸಾದವರಿಗೆ ಸರ್. ನಿಮ್ಮ ಸ್ವಿಂಗ್‌ಗೆ ಬ್ಲೇಡೇ ಸರಿ. ಟೈಗರ್ ವುಡ್ಸ್ ಆಡೋದೂ ಬ್ಲೇಡೇ" ಅಂದರು. ಟೈಗರ್ ವುಡ್ಸ್ ಬ್ಲೇಡ್ ಆಡೋದು ನಿಜ. ಅವರು ಚೆಂಡನ್ನು ಫೇಸಿನ ನಡುವೆಯೇ ಹೊಡೆಯುತ್ತಾರೆ. ವಾರಾಂತ್ಯದಲ್ಲಿ ಆಡುವವರದು ಒಂದು ಹೊಡೆತ ತುದಿಗೆ, ಇನ್ನೊಂದು ಬುಡಕ್ಕೆ. ಪಿಂಗ್ ಕಂಪನಿ ಕಟ್ಟಿದ ಕಾರ್ಸ್ಟನ್ ಸೊಲ್ಹೈಮ್ 1960ರ ದಶಕದಲ್ಲೇ ತೂಕವನ್ನು ಅಂಚುಗಳಿಗೆ ಸರಿಸಿ ಪಿಂಗ್ ಐರನ್ ಮಾಡಿದ್ದು ಇದಕ್ಕೇ ಅಲ್ವಾ? ನಡು ತಪ್ಪಿದರೂ ಕ್ಲಬ್ ಹೆಡ್ ಜಾಸ್ತಿ ತಿರುಗಬಾರದು ಅಂತ. ಅಂಗಡಿ ಇಟ್ಟವರಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬಲ್ಲ.

ಆಮೇಲೆ ಸಿಮ್ಯುಲೇಟರ್ ಮುಂದೆ ನಿಲ್ಲಿಸಿದರು. ಒಂದು ಕ್ಯಾವಿಟಿ ಬ್ಯಾಕ್ 7 ಐರನ್, ಈ ಬ್ಲೇಡ್ ಸೆಟ್ಟಿನ 7 ಐರನ್. ಎರಡೂ ಹೆಚ್ಚು ಕಮ್ಮಿ 140 ಯಾರ್ಡ್. "ನೋಡಿ ಸರ್, ದೂರ ಒಂದೇ. ಮತ್ಯಾಕೆ ಕ್ಯಾವಿಟಿ?" ಬ್ಲೇಡಿನಲ್ಲಿ ಕೆಟ್ಟ ಹೊಡೆತ ಬಿದ್ದಾಗಲೆಲ್ಲ "ಇದು ಲೆಕ್ಕಕ್ಕಿಲ್ಲ ಸರ್, ವಾರ್ಮಪ್ಪು" ಅಂತ ಸ್ಕ್ರೀನಿನಿಂದ ಅಳಿಸಿಬಿಟ್ಟರು. ಕ್ಯಾವಿಟಿಯಲ್ಲಿ ಬಿದ್ದ ಕೆಟ್ಟ ಹೊಡೆತಗಳನ್ನು ಮಾತ್ರ ಹಾಗೇ ಬಿಟ್ಟರು.

ಕೋರ್ಸಿಗೆ ಇಳಿದ ಮೇಲೆ ಶುರುವಾಯಿತು. ಫೇರ್‌ವೇಯಲ್ಲಿ 7 ಐರನ್ ಹೊಡೆದರೆ ನೆಲಕ್ಕೆ ಕಚ್ಚಿಕೊಳ್ಳುತ್ತೆ. ದೊಡ್ಡ ಹುಲ್ಲಿನ ಹೆಂಟೆ ಮುಂದೆ ಹಾರುತ್ತೆ, ಚೆಂಡು ಅಲ್ಲೇ ಉರುಳುತ್ತೆ. ಸ್ವಲ್ಪ ಮೇಲೆ ತಾಗಿದರೆ ಬೆರಳಿಂದ ಮೊಣಕೈವರೆಗೆ ಜುಮ್ ಅನ್ನುತ್ತೆ. ಜೊತೆಗೆ ಆಡುವವರೆಲ್ಲ ನಿಂತು ನೋಡುತ್ತಿದ್ದರು. ತಲೆ ಎತ್ತೋಕೆ ಆಗಲಿಲ್ಲ. ಕೊನೆಗೆ ಬ್ಯಾಗ್ ಹೊರುವ ಕ್ಯಾಡಿ ಮೆಲ್ಲಗೆ ಕೇಳಿದ: "ಸರ್, ನಿಮ್ಮ 6, 7 ಎರಡೂ ಒಂದೇ ಕಡೆ ಬೀಳ್ತಿದೆಯಲ್ಲ, ಯಾಕೆ?"

ಹೌದಲ್ವಾ! ಚೆನ್ನಾಗಿ ತಾಗಿದಾಗ 6 ಎಲ್ಲಿಗೆ ಹೋಗುತ್ತೋ 7 ಕೂಡ ಅಲ್ಲಿಗೇ. 8 ಮಾತ್ರ ಎಷ್ಟೋ ಹಿಂದೆ.

ಬೇರೆ ಕಡೆ ಒಬ್ಬ ಫಿಟ್ಟರ್ (ಆಟಗಾರನಿಗೆ ತಕ್ಕಂತೆ ಕ್ಲಬ್ ಹೊಂದಿಸಿಕೊಡುವವರು) ಹತ್ತಿರ ಒಯ್ದೆ. ಅವರು ಲಾಫ್ಟ್ ಅಳೆಯುವ ಮೆಷಿನ್ನಿಗೆ ಒಂದೊಂದೇ ಕ್ಲಬ್ ಹಾಕಿದರು. 6 ಐರನ್ 30 ಡಿಗ್ರಿ. 7 ಐರನ್ನೂ 30 ಡಿಗ್ರಿ. 8 ಐರನ್ 38. ಆ ಮಾಡೆಲ್ಲಿನಲ್ಲಿ 7 ಇರಬೇಕಾದದ್ದು 34. ಮಿಕ್ಕಿದ್ದೆಲ್ಲ ಸರಿಯಾಗಿದೆ. ಅದೊಂದನ್ನೇ ನಾಲ್ಕು ಡಿಗ್ರಿ ಬಾಗಿಸಿದ್ದಾರೆ. ಈ ಬ್ಲೇಡಿನ ಫೋರ್ಜ್ ಮಾಡಿದ (ಬಡಿದು ರೂಪಿಸಿದ) ಕಾರ್ಬನ್ ಸ್ಟೀಲ್ ಮೆದು, ಬಾಗಿಸುವುದು ಸುಲಭ. ಲಾಫ್ಟ್ ಎಷ್ಟು ಇಳಿಸುತ್ತೀರೋ ಬೌನ್ಸೂ (ಕ್ಲಬ್ ನೆಲಕ್ಕೆ ಹೂತುಹೋಗದಂತೆ ತಡೆಯುವ ತಳದ ಕೋನ) ಅಷ್ಟೇ ಇಳಿಯುತ್ತೆ. ಅದಕ್ಕೇ ನೆಲಕ್ಕೆ ಕಚ್ಚುತ್ತಿದ್ದದ್ದು. ಅಂಗಡಿಯ ಮ್ಯಾಟ್ ಮೇಲೆ ಕ್ಲಬ್ ಜಾರಿಬಿಡುತ್ತೆ, ಅಲ್ಲಿ ಇದು ಗೊತ್ತೇ ಆಗಲ್ಲ.

ಅರ್ಥ ಆಯಿತಲ್ಲ? ಯಾವ ಅಂಗಡಿಗೆ ಹೋದರೂ ಟ್ರಯಲ್‌ಗೆ ಕೈಗೆ ಕೊಡೋದು 7 ಐರನ್. ಈಗಿನ ಕ್ಯಾವಿಟಿ ಬ್ಯಾಕ್ 7ಗಳು ಹೆಚ್ಚಾಗಿ 30 ಡಿಗ್ರಿ ಆಸುಪಾಸು ಇರುತ್ತವೆ. ಅದಕ್ಕೆ ಸಮ ಆಗಲಿ ಅಂತ ಅದೊಂದೇ ಕ್ಲಬ್ ಬಾಗಿದೆ. ಆ ಮೆಷಿನ್ ಮುಂದೆ ನಿಂತಾಗ ನನಗೆ ಆದ ಅವಮಾನ ಹೇಳಿಕೊಳ್ಳೋಕಾಗಲ್ಲ. ಎದುರಿಗೇ ನಿಲ್ಲಿಸಿಕೊಂಡು, ಸರ್ ಸರ್ ಅನ್ನುತ್ತಾ, ಕಾಫಿ ಕೊಟ್ಟು ಟೋಪಿ ಹಾಕಿದ್ದಾರೆ.

ಫೋನ್ ಮಾಡಿದೆ. "ಬ್ಲೇಡ್ ಅಂದ್ರೆ ಹಾಗೇ ಸರ್, ಸಾಫ್ಟ್ ಮೆಟಲ್ಲು, ಆಡ್ತಾ ಆಡ್ತಾ ಬಾಗುತ್ತೆ." ಒಂದು ಡಿಗ್ರಿ ಬಾಗಲಿ, ಒಪ್ಪುತ್ತೇನೆ. ಏಳು ಕ್ಲಬ್ಬಲ್ಲಿ ಒಂದೇ ಒಂದು, ಅದೂ ನಾಲ್ಕು ಡಿಗ್ರಿನಾ? ಅಳತೆಯ ಫೋಟೋ ಕಳಿಸಿದೆ. ಆಗ ಮಾತು ಬದಲಾಯಿತು: "ಹಳೇ ಓನರ್ ಮಾಡಿಸಿರಬೇಕು ಸರ್, ನಮಗೇನು ಗೊತ್ತು." ಯಾರೇ ಬಾಗಿಸಿರಲಿ, ಆ ಸೆಟ್ಟಿನಿಂದ ಅದನ್ನೇ ಆರಿಸಿ ನನ್ನ ಕೈಗೆ ಕೊಟ್ಟವರು ಇವರು. ದುಡ್ಡು ವಾಪಸ್ ಕೊಡಿ ಅಂದರೆ "ಯೂಸ್ಡ್ ಐಟಂಗೆ ರಿಟರ್ನ್ ಇಲ್ಲ ಸರ್. ಸ್ವಲ್ಪ ಸ್ವಿಂಗ್ ಕಡೆ ಗಮನ ಕೊಡಿ." ಸ್ವಿಂಗ್ ಕಡೆ ಗಮನ ಕೊಡಬೇಕಂತೆ!

ಆದ್ದರಿಂದ ಹೇಳುತ್ತಿದ್ದೇನೆ, 7 ಐರನ್ ಒಂದನ್ನೇ ಹೊಡೆದು ದುಡ್ಡು ಕೊಡಬೇಡಿ. 6 ಕೇಳಿ, 8 ಕೇಳಿ, ಮೂರರ ದೂರ ನೋಡಿ. ಹುಲ್ಲಿನ ಮೇಲೆ ಹೊಡೆಯೋಕೆ ಬಿಡಿ ಅನ್ನಿ. ಪ್ರತಿ ಕ್ಲಬ್ಬಿನ ಲಾಫ್ಟ್ ನಿಮ್ಮೆದುರೇ ಅಳೆಸಿ, ಆಗಲ್ಲ ಅಂದರೆ ಎದ್ದು ಬನ್ನಿ. ಹ್ಯಾಂಡಿಕ್ಯಾಪ್ 20ರ ಮೇಲಿದ್ದರೆ ಯಾರು ಎಷ್ಟೇ ಹೊಗಳಲಿ, ಕ್ಯಾವಿಟಿ ಬ್ಯಾಕೇ ತಗೊಳ್ಳಿ.

ನಿನ್ನೆ ಅಂಗಡಿಯವರಿಂದ ವಾಟ್ಸಾಪ್ ಬಂತು. 25 ಸಾವಿರಕ್ಕಾದರೆ ವಾಪಸ್ ತಗೊಳ್ಳುತ್ತಾರಂತೆ, "ಬ್ಲೇಡ್‌ಗೆ ಈಗ ಮಾರ್ಕೆಟ್ ಇಲ್ಲ ಸರ್." ಮಾರುವಾಗ ಬ್ಲೇಡಿನ ಬೆಲೆ ಯಾವತ್ತೂ ಇಳಿಯಲ್ಲ ಅಂದವರು ಇವರೇ. ಕೊಡಲ್ಲ ಅಂದಿದ್ದೇನೆ. ಕೊಟ್ಟರೆ ಮುಂದಿನ ವಾರವೇ ಆ 7 ಐರನ್ ಇನ್ನೊಬ್ಬರ ಕೈಯಲ್ಲಿರುತ್ತೆ. ಬಿಲ್ಲು, ಅಳತೆಯ ಫೋಟೋ, ಈ ಮೆಸೇಜುಗಳು, ಎಲ್ಲ ಒಟ್ಟು ಮಾಡಿ ಗ್ರಾಹಕರ ವೇದಿಕೆಗೆ ದೂರು ಕೊಡುತ್ತಿದ್ದೇನೆ.