ದಕ್ಷಿಣ ಆಕಾಶದ ತಿರುಗುವ ನಕ್ಷೆ: ಮೂರು ವರ್ಷ ಬಳಸಿದ ಮೇಲೆ

ಒಂದರ ಮೇಲೊಂದು ಕೂತ ಎರಡು ಪ್ಲಾಸ್ಟಿಕ್ ಬಿಲ್ಲೆ, ನಡುವೆ ಒಂದು ರಿವೆಟ್. ಪ್ಲಾನಿಸ್ಫಿಯರ್ ಅಂತಾರಲ್ಲ, ಅದೇ. ತಾರೀಕು, ಗಂಟೆ ಹೊಂದಿಸಿದರೆ ಆ ಹೊತ್ತಿಗೆ ಕಾಣುವ ನಕ್ಷತ್ರಗಳನ್ನು ತೋರಿಸುವ ನಕ್ಷೆ. ನನ್ನದು 35 ಡಿಗ್ರಿ ದಕ್ಷಿಣ ಅಕ್ಷಾಂಶಕ್ಕೆ ಮಾಡಿದ್ದು. ಮೂರು ವರ್ಷದಲ್ಲಿ ಅಂಚಿನ ತಾರೀಕುಗಳು ಹೆಬ್ಬೆರಳು ತಾಗಿ ತಾಗಿ ಮಾಸಿವೆ.

ಮೊದಲು ಬೇಜಾರಿನ ವಿಷಯ ಹೇಳಿಬಿಡುತ್ತೇನೆ. ಇದರಿಂದಾಗಿ ನಾಲ್ಕು ತಿಂಗಳು ನಾನು ತಪ್ಪು ತ್ರಿಶಂಕುವನ್ನು ನೋಡುತ್ತಿದ್ದೆ. ತ್ರಿಶಂಕು ಅಂದರೆ ದಕ್ಷಿಣ ಆಕಾಶದ ಶಿಲುಬೆಯಾಕಾರದ ನಕ್ಷತ್ರಪುಂಜ, ಸದರ್ನ್ ಕ್ರಾಸ್.

ತಂದದ್ದು ಡಿಸೆಂಬರ್‌ನಲ್ಲಿ. ರಾತ್ರಿ ಒಂಬತ್ತಕ್ಕೆ ಹೊರಗೆ ಬಂದರೆ ಆಗ್ನೇಯದಲ್ಲಿ, ಮರದ ಮೇಲೆ, ನಾಲ್ಕು ಚುಕ್ಕಿಯ ಶಿಲುಬೆ ಎದ್ದು ಕಾಣುತ್ತಿತ್ತು. ಇದೇ ತ್ರಿಶಂಕು ಅಂದುಕೊಂಡೆ. ಅದು ಸುಳ್ಳು ಶಿಲುಬೆ. ನಿಜವಾದದ್ದು ಆ ಹೊತ್ತಿಗೆ ಮರದ ಹಿಂದೆ, ದಿಗಂತದ ಹತ್ತಿರ ಇತ್ತು. ಸುಳ್ಳು ಶಿಲುಬೆಯ ಎರಡು ನಕ್ಷತ್ರ ಕರೀನಾ ಅನ್ನುವ ನಕ್ಷತ್ರಪುಂಜದವು, ಎರಡು ವೇಲಾ ಪುಂಜದವು. ನಕ್ಷೆಯಲ್ಲಿ ಅವನ್ನು ಬೇರೆ ಬೇರೆ ಗೆರೆಗಳಲ್ಲಿ ಸೇರಿಸಿರುವುದರಿಂದ ಅಲ್ಲೊಂದು ಶಿಲುಬೆ ಇದೆ ಅಂತ ಗೊತ್ತೇ ಆಗುವುದಿಲ್ಲ. ಹೊಸಬರು ಎಡವುವ ಜಾಗವೇ ಅದು. ಅಲ್ಲಿ ಒಂದು ಪದ ಅಚ್ಚು ಹಾಕಿದ್ದರೆ ಸಾಕಿತ್ತು, ಅಲ್ವಾ?

ಏಪ್ರಿಲ್‌ನಲ್ಲಿ ಎರಡೂ ಮೇಲೆ ಬಂದಾಗ ಗೊತ್ತಾಯಿತು. ತ್ರಿಶಂಕು ಚಿಕ್ಕದು, ಜಾಸ್ತಿ ಹೊಳಪು, ಐದನೆಯ ಸಣ್ಣ ಚುಕ್ಕಿಯೂ ಇದೆ. ಪಕ್ಕದಲ್ಲೇ ಆಲ್ಫಾ ಸೆಂಟಾರಿ, ಬೀಟಾ ಸೆಂಟಾರಿ ಅನ್ನುವ ಎರಡು ಹೊಳೆಯುವ ನಕ್ಷತ್ರಗಳು ಅದರ ಕಡೆಗೇ ಬೆರಳು ತೋರಿಸುತ್ತವೆ. ಸುಳ್ಳು ಶಿಲುಬೆಗೆ ಆ ಜೋಡಿ ಇಲ್ಲ. ಇನ್ನು ತ್ರಿಶಂಕುವಿನ ಉದ್ದ ತೋಳನ್ನು ಬುಡದ ಕಡೆಗೆ ನಾಲ್ಕೂವರೆ ಪಟ್ಟು ಎಳೆದರೆ ದಕ್ಷಿಣ ಧ್ರುವಬಿಂದು, ಅಂದರೆ ದಕ್ಷಿಣದ ಆಕಾಶವೆಲ್ಲ ಸುತ್ತುವಂತೆ ಕಾಣುವ ಬಿಂದು, ಸಿಗುತ್ತದೆ. ಸುಳ್ಳು ಶಿಲುಬೆಯಿಂದ ಎಳೆದರೆ ಎಲ್ಲೋ ಹೋಗಿ ಮುಟ್ಟುತ್ತೇವೆ.

ಇನ್ನೊಂದು ಕೊರತೆಯೂ ಇದೆ. ಉತ್ತರದ ಕಡೆಯ ಆಕಾಶ ಅಂಚಿಗೆ ಬರುವುದರಿಂದ ಸಿಂಹ, ಮಿಥುನ ಹಿಗ್ಗಿ ಹೋಗಿವೆ. ಗುಂಡು ನಕ್ಷೆ ಅಂದರೆ ಇದು ಇದ್ದದ್ದೇ. ಅದಕ್ಕೆ ದೂರಿಲ್ಲ.

ಇಷ್ಟಾದರೂ ಇದನ್ನು ಬಿಟ್ಟಿಲ್ಲ. ಟಾರ್ಚ್‌ಗೆ ಕೆಂಪು ಕಾಗದ ಸುತ್ತಿ, ಇಪ್ಪತ್ತು ನಿಮಿಷ ಕತ್ತಲಲ್ಲಿ ಸುಮ್ನೆ ಕೂರುತ್ತೇನೆ. ಕಣ್ಣು ಹೊಂದಿಕೊಂಡ ಮೇಲೆ ತಾರೀಕನ್ನು ಗಂಟೆಗೆ ಸರಿಯಾಗಿ ಕೂರಿಸಿ, ಬಿಲ್ಲೆಯನ್ನು ತಲೆಯ ಮೇಲೆ ಹಿಡಿಯುತ್ತೇನೆ. ಮೇಜಿನ ಮೇಲಿಟ್ಟು ನೋಡಿದರೆ ಪೂರ್ವ ಪಶ್ಚಿಮ ಅದಲುಬದಲು ಅನ್ನಿಸುತ್ತದೆ, ತಲೆಯ ಮೇಲೆ ಹಿಡಿದ ಕೂಡಲೇ ಸರಿಹೋಗುತ್ತದೆ. ಇಬ್ಬನಿ ಬಿದ್ದ ರಾತ್ರಿ ಬಿಲ್ಲೆಗಳು ಅಂಟಿಕೊಳ್ಳುತ್ತವೆ, ಅಂಗಿಯ ತುದಿಯಲ್ಲಿ ಒರೆಸಬೇಕು. ಮೊಬೈಲ್ ಆ್ಯಪ್ ನನಗೆ ಆಗಲಿಲ್ಲ. ಅದರ ಬೆಳಕಿಗೆ ಆ ಇಪ್ಪತ್ತು ನಿಮಿಷ ಹಾಳು.

ನಾನು ಎಣಿಸಿರದ ಖುಷಿ ಕೊಟ್ಟದ್ದು ಆ ರಿವೆಟ್. ಅದು ಕೂತಿರುವುದು ಸರಿಯಾಗಿ ದಕ್ಷಿಣ ಧ್ರುವಬಿಂದುವಿನ ಮೇಲೆ. ಆಕಾಶದಲ್ಲಿ ಅಲ್ಲಿ ಗುರುತಿಗೆ ಹೊಳೆಯುವ ನಕ್ಷತ್ರವೇ ಇಲ್ಲ. ಹತ್ತಿರದ ಸಿಗ್ಮಾ ಆಕ್ಟಾಂಟಿಸ್ ಒಳ್ಳೆಯ ಕತ್ತಲಲ್ಲೂ ಕಷ್ಟಪಟ್ಟರೆ ಮಾತ್ರ ಕಾಣುತ್ತದೆ. ಆದರೆ ಒಂದು ಗಂಟೆ ಬಿಟ್ಟು ಬಂದು ನೋಡಿದರೆ ತ್ರಿಶಂಕು ಆ ಖಾಲಿ ಜಾಗದ ಸುತ್ತ ಗಡಿಯಾರದ ಮುಳ್ಳಿನ ಹಾಗೆ ಸರಿದಿರುತ್ತದೆ. ಬಿಲ್ಲೆಯನ್ನೂ ಅಷ್ಟೇ ತಿರುಗಿಸುತ್ತೇನೆ. ಎರಡೂ ಹೊಂದಿದಾಗ ಆಗುವ ಸಂತೋಷ ಮೂರು ವರ್ಷವಾದರೂ ಹಳತಾಗಿಲ್ಲ.

ನಿಮ್ಮ ಊರು 30ರಿಂದ 40 ಡಿಗ್ರಿ ದಕ್ಷಿಣದ ಒಳಗಿದ್ದರೆ ಇದೇ ಅಳತೆಯದ್ದು ತಗೊಳ್ಳಿ. ಟೆಲಿಸ್ಕೋಪ್ ಆಮೇಲೆ ನೋಡಬಹುದು, ನಾನಂತೂ ಇನ್ನೂ ಕೊಂಡಿಲ್ಲ. ಗ್ರಹಗಳು ಇದರಲ್ಲಿ ಇರುವುದಿಲ್ಲ, ಅವು ಜಾಗ ಬದಲಿಸುತ್ತವಲ್ಲ. ತಂದ ದಿನವೇ ಕರೀನಾ, ವೇಲಾ ನಡುವಿನ ಆ ನಾಲ್ಕು ಚುಕ್ಕಿಗೆ ಬಿಳಿ ಮಾರ್ಕರ್‌ನಲ್ಲಿ ಒಂದು ಸುತ್ತು ಹಾಕಿ. ನನ್ನದರಲ್ಲಿ ಸುತ್ತಿನ ಪಕ್ಕ ‘ಇದಲ್ಲ’ ಅಂತ ಬರೆದಿದ್ದೇನೆ.