ಬ್ರ್ಯಾಂಡ್ ಬಟ್ಟೆ ಅಂತ ನಂಬಿಸಿ ನಕಲಿ ಕೊಡ್ತಾರೆ, ದಾವಣಗೆರೆಯವರು ಹುಷಾರು

ಹಬ್ಬಕ್ಕೆ, ಮದುವೆಗೆ ಬ್ರ್ಯಾಂಡ್ ಬಟ್ಟೆ ತಗೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಂಗಡಿಯವನು "ಒರಿಜಿನಲ್ ಅಕ್ಕಾ, ಎಕ್ಸ್‌ಪೋರ್ಟ್ ಸರ್‌ಪ್ಲಸ್" ಅಂದ ತಕ್ಷಣ ಎದ್ದು ಬನ್ನಿ. ನನ್ನ ದುಡ್ಡು ಹೋಯಿತು, ಬೀಗರ ಮುಂದೆ ಮರ್ಯಾದೆಯೂ ಹೋಯಿತು. ಹೊಟ್ಟೆ ಉರಿಯುತ್ತಿದೆ.

ತಂಗಿಗೆ ಮದುವೆಯಾದ ಮೇಲೆ ಇದು ಮೊದಲ ದೀಪಾವಳಿ. ಅಳಿಯನಿಗೆ ಬಟ್ಟೆ ಕೊಡಬೇಕು. ಅಪ್ಪ ಇಲ್ಲ, ಹಾಗಾಗಿ ಆ ಜವಾಬ್ದಾರಿ ನನ್ನದು. ಹುಡುಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಪಂಚೆ, ಶಲ್ಯದ ಜೊತೆ ಒಂದು ಲೀವೈಸ್ ಪ್ಯಾಂಟು, ಒಂದು ಮೊಸಳೆ ಗುರುತಿನ ಲಕೋಸ್ಟ್ ಟೀ ಶರ್ಟು ಕೊಡೋಣ ಅಂತ ಮಂಡಿಪೇಟೆ ಕಡೆಯ ಒಂದು ಅಂಗಡಿಗೆ ಹೋದೆ.

"ಕಂಪನಿ ಮಾಲು ಅಕ್ಕಾ. ಫಾರಿನ್‌ಗೆ ಹೋಗಬೇಕಿತ್ತು, ಆರ್ಡರ್‌ಗಿಂತ ಜಾಸ್ತಿ ಹೊಲಿದು ಉಳಿದಿದ್ದು. ಶೋರೂಮಲ್ಲಿ ಇದಕ್ಕೇ ಡಬಲ್ ಕೊಡ್ಬೇಕು" ಅಂದ. ಪ್ಯಾಂಟಿನ ಟ್ಯಾಗ್ ಮೇಲೆ ಎಂಆರ್‌ಪಿ 3,999 ಅಂತ ಸ್ಟಿಕ್ಕರ್ ಇತ್ತು. ಅದಕ್ಕೆ ಪೆನ್ನಿನಲ್ಲಿ ಗುಂಡು ಸುತ್ತಿ ತೋರಿಸಿದ. ಒರಿಜಿನಲ್ ಅಲ್ವಾ ಅಂತ ಕೇಳಿದೆ. ಮತ್ತೆ ಕೇಳಿದೆ. ಗಲ್ಲಾಪೆಟ್ಟಿಗೆ ಮುಟ್ಟಿ "ಲಕ್ಷ್ಮಿ ಮೇಲಾಣೆ" ಅಂದ. ಎರಡೂ ಸೇರಿ 4,100 ಕೊಟ್ಟೆ.

ಪಾಡ್ಯದ ದಿನ ಊಟ ಆಯಿತು, ಬಟ್ಟೆ ಕೊಟ್ಟೆವು. ಅಳಿಯನ ತಮ್ಮ ಬೆಂಗಳೂರಿನ ಮಾಲ್ ಒಂದರಲ್ಲಿ ಬಟ್ಟೆ ಅಂಗಡಿ ಕೆಲಸದಲ್ಲಿದ್ದಾನೆ. ಪ್ಯಾಂಟು ತಗೊಂಡು ಸೊಂಟದ ಬಟನ್ ತಿರುಗಿಸಿ ನೋಡಿದ. "ಅಕ್ಕಾ, ಇದು ಎಲ್ಲಿ ತಗೊಂಡ್ರಿ? ಫಸ್ಟ್ ಕಾಪಿ ಇದು, ಅಂದ್ರೆ ನಕಲಿ" ಅಂದ. ಎಲ್ಲರ ಎದುರಿಗೇ. ಅಮ್ಮ ತಲೆ ತಗ್ಗಿಸಿದರು. ತಂಗಿಯ ಅತ್ತೆ "ಇರ್ಲಿ ಬಿಡಮ್ಮ, ಮನಸ್ಸು ಮುಖ್ಯ" ಅಂದರು. ಅದು ಇನ್ನೂ ಜಾಸ್ತಿ ಚುಚ್ಚಿತು.

ಆ ಹುಡುಗ ತೋರಿಸಿದ್ದನ್ನು ಇಲ್ಲಿ ಹೇಳ್ತೀನಿ. ಲೀವೈಸ್ ಸೊಂಟದ ಬಟನ್ನಿನ ಹಿಂದೆ ಸಾಮಾನ್ಯವಾಗಿ ಒಂದು ನಂಬರ್ ಒತ್ತಿರುತ್ತಾರೆ. ಒಳಗಿನ ಬಿಳಿ ಲೇಬಲ್‌ನಲ್ಲೂ ಅದೇ ನಂಬರ್ ಇರುತ್ತೆ. ನಮ್ಮದರಲ್ಲಿ ಬಟನ್ ಹಿಂದೆ ನುಣ್ಣಗೆ, ಏನೂ ಇಲ್ಲ. ಜೇಬಿನ ಮೂಲೆಯ ತಾಮ್ರದ ರಿವೆಟ್ (ಗುಂಡು ಮೊಳೆ) ಆ ಕಂಪನಿಯ ಹೆಮ್ಮೆ, 1873ರಲ್ಲಿ ಪೇಟೆಂಟ್ ಮಾಡಿಸಿದ್ದು. ಅದರ ಮೇಲೂ ಕಂಪನಿಯ ಅಕ್ಷರ ಇರುತ್ತೆ. ನಮ್ಮದರಲ್ಲಿ ಬರೀ ಬಣ್ಣ, ಉಗುರಲ್ಲಿ ಕೆರೆದರೆ ಬಿಳಿ ತಗಡು. ಹಿಂದಿನ ಜೇಬಿನ ಕೆಂಪು ಪಟ್ಟಿ ಮಾತ್ರ ಅಚ್ಚುಕಟ್ಟಾಗಿತ್ತು. ಎಲ್ಲರೂ ಮೊದಲು ನೋಡೋದು ಅದನ್ನೇ ಅಂತ ಇವರಿಗೆ ಗೊತ್ತು. ಇನ್ನೊಂದು ಮಾತು, ಆ ಪಟ್ಟಿಯಲ್ಲಿ ಹೆಸರಿಲ್ಲದೆ ಬರೀ ಸುತ್ತಿನೊಳಗಿನ ಆರ್ ಗುರುತು (®) ಇದ್ದರೆ ನಕಲಿ ಅಂತ ಗಾಬರಿಯಾಗಬೇಡಿ, ಕಂಪನಿಯೇ ಕೆಲವನ್ನು ಹಾಗೆ ಹೊಲಿಯುತ್ತೆ.

ಟೀ ಶರ್ಟಿನ ಕಥೆ ಇನ್ನೂ ಕೆಟ್ಟದು. ಅಸಲಿ ಮೊಸಳೆಗೆ ಹಲ್ಲು, ಉಗುರು ಬಿಡಿಬಿಡಿಯಾಗಿ ಕಾಣುತ್ತೆ. ನಮ್ಮದು ಹಸಿರು ದಾರದ ಮುದ್ದೆ. ಅವರ ಅಸಲಿ ಪೋಲೊಗೆ (ಕಾಲರ್ ಇರುವ ಟೀ ಶರ್ಟಿಗೆ) ಸಾಮಾನ್ಯವಾಗಿ ಮುತ್ತಿನ ಚಿಪ್ಪಿನ ಎರಡು ತೂತಿನ ಗುಂಡಿ, ನಮ್ಮದಕ್ಕೆ ನಾಲ್ಕು ತೂತಿನ ಪ್ಲಾಸ್ಟಿಕ್ ಗುಂಡಿ. ಸೈಜು ಸಾಮಾನ್ಯವಾಗಿ 4, 5 ಅಂತ ಅಂಕೆಯಲ್ಲಿ ಇರುತ್ತೆ, ನಮ್ಮದರಲ್ಲಿ ಎಕ್ಸ್‌ಎಲ್ ಅಂತ ಅಷ್ಟೇ.

ಮಾರನೇ ದಿನ ಅಂಗಡಿಗೆ ಹೋದೆ. "ಬಿಲ್ ತೋರ್ಸಿ ಅಕ್ಕಾ" ಅಂದ. ಕೊಟ್ಟೆ. ಅವನು ಅದನ್ನು ನನ್ನ ಕಡೆಗೇ ತಿರುಗಿಸಿ ಹಿಡಿದ. ಮೇಲೆ ಎಸ್ಟಿಮೇಟ್ (ಅಂದಾಜು ಚೀಟಿ) ಅಂತ ಅಚ್ಚಾಗಿದೆ, ಬಿಲ್ ಅಂತ ಅಲ್ಲ. ಕೆಳಗೆ ಕೈಬರಹದಲ್ಲಿ ಪ್ಯಾಂಟ್ 1, ಟೀ ಶರ್ಟ್ 1. ಅಷ್ಟೇ. ಅಂಗಡಿ ಹೆಸರೂ ಇಲ್ಲ. "ಇದರಲ್ಲಿ ಲೀವೈಸ್ ಅಂತ ಎಲ್ಲಿ ಬರೆದೀನ್ರಿ?" ಅಂತ ಕೇಳಿದ. ಮೈಯೆಲ್ಲ ಉರಿದುಹೋಯಿತು. ಆಣೆ ಹಾಕುವಾಗಲೇ ಇದಕ್ಕೆ ತಯಾರಾಗಿದ್ದ ಈ ಮನುಷ್ಯ. ಚೀಟಿ ಬರೆಯುವಾಗಲೇ ತಯಾರಾಗಿದ್ದ.

ಫಾರಿನ್‌ಗೆ ಹೋಗೋ ಮಾಲಿಗೆ ರೂಪಾಯಿ ಎಂಆರ್‌ಪಿ ಯಾಕೆ ಅಂಟಿಸ್ತಾರೆ ಅಂತ ಕೇಳಿದೆ. ಯೋಚನೆ ಮಾಡಿ ನೋಡಿ, ಎಂಆರ್‌ಪಿ ಇರೋದು ಇಲ್ಲಿ ಮಾರುವ ಮಾಲಿಗೆ. "ಅದು ಹೋಲ್‌ಸೇಲ್‌ನವರು ಅಂಟಿಸಿದ್ದು" ಅಂದ. ಆಮೇಲೆ "ಎಲ್ರೂ ಇದನ್ನೇ ಹಾಕೋದು ಅಕ್ಕಾ, ಬಟನ್ ತಿರುಗಿಸಿ ಯಾರು ನೋಡ್ತಾರೆ?" ಅಂದ. ನಾಚಿಕೆ ಬೇಡವಾ? ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ಇದು. ನಮ್ಮ ದೊಡ್ಡಪ್ಪ ಗಿರಣಿಯಲ್ಲೇ ದುಡಿದು ಮಕ್ಕಳನ್ನು ಓದಿಸಿದವರು. ಇಲ್ಲೇ ಬಟ್ಟೆಯಲ್ಲಿ ಹೀಗೆ ಮೋಸ ಮಾಡ್ತಾರೆ.

ಕೊನೆಗೆ "ಮಾರಿದ ಮಾಲು ವಾಪಸ್ ಇಲ್ಲ" ಅನ್ನೋ ಬೋರ್ಡ್ ತೋರಿಸಿದ. ಬೇಕಾದರೆ ಬೇರೆ ಎರಡು ಶರ್ಟ್ ತಗೊಂಡು ಹೋಗಿ ಅಂದ. ವಾಟ್ಸ್‌ಆ್ಯಪ್‌ನಲ್ಲಿ ಕೇಳಿದ್ದಕ್ಕೆ "ಸೀಸನ್ ಮುಗೀಲಿ, ಮಾತಾಡೋಣ" ಅಂತ ಹಾಕಿ ಬ್ಲಾಕ್ ಮಾಡಿದ.

ಆ ಬೋರ್ಡಿಗೆ ಹೆದರಬೇಡಿ. ದೋಷ ಇರುವ ಮಾಲನ್ನು ವಾಪಸ್ ತಗೊಳ್ಳದೇ ಇರುವುದು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪು. ಬಿಲ್‌ನಲ್ಲಿ ವಾಪಸ್ ಕೊಡುವ ಗಡುವು ಬರೆದಿಲ್ಲ ಅಂದರೆ 30 ದಿನ ಲೆಕ್ಕ. ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ.

ಪಕ್ಕಾ ಬಿಲ್ ಕೇಳಿ. ಜಿಎಸ್‌ಟಿ ನಂಬರ್ 15 ಅಕ್ಷರದ್ದು, ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತೆ. ಬ್ರ್ಯಾಂಡ್ ಹೆಸರು ಬಿಲ್‌ನಲ್ಲಿ ಬರೆಸಿ. ಬರೆಯೋಕೆ ಹಿಂದೆ ಮುಂದೆ ನೋಡಿದರೆ ಆ ಮಾಲು ನಿಮಗೆ ಬೇಡ.

ನಾನು ಫೋನ್‌ಪೇ ಮಾಡಿದ್ದೆ. ಅಂಗಡಿ ಹೆಸರು, ತಾರೀಕು, ಮೊತ್ತ ಎಲ್ಲ ಅದರಲ್ಲಿದೆ. ಅದನ್ನೇ ಹಿಡಿದು ಆಯೋಗಕ್ಕೆ ಹೋಗ್ತಿದ್ದೇನೆ. ಈ ಹಬ್ಬಕ್ಕೆ ಮಂಡಿಪೇಟೆ ಕಡೆ ಸರ್‌ಪ್ಲಸ್ ಅಂತ ತಗೊಂಡವರು ಇದ್ದರೆ ಈಗಲೇ ಬಟನ್ ತಿರುಗಿಸಿ ನೋಡಿ, ನಕಲಿ ಅನ್ನಿಸಿದರೆ ಟ್ಯಾಗ್ ಕೀಳಬೇಡಿ, ಒಗೆಯಬೇಡಿ, ಫೋಟೊ ತೆಗೆದಿಟ್ಟು ನನಗೆ ತಿಳಿಸಿ. ಜೊತೆಗೇ ದೂರು ಕೊಡೋಣ.